ದೂರವಾಣಿಯಲ್ಲಿ ಬರುವ ಶಿಶುಪಾಲನೆಯ ಪಾಠ



ಮಕ್ಕಳನ್ನು ಸಾಕಿ ಸಲಹುವ ವಿದ್ಯೆಯನ್ನು ಮೊಬೈಲಿನ ಮೂಲಕ ಕಲಿಯಬಹುದೆಂದರೆ ನಮ್ಮ ಕಲ್ಪತರು ನಾಡಿನ ಹಿರಿಯರಿಗೆ ನಗೆ ಬರುತ್ತದೆ. "ಏಳು ಮಕ್ಕಳನ್ನು ಹೆತ್ತು ಸಾಕಿದವಳಿಗೆ ಈ ಪೆಟ್ಟಿಗೆ ಏನು ಹೇಳಿಕೊಟ್ಟೀತು?" ಎಂದು ಕೇಳುವ ಅಜ್ಜಿಯರು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟದ ಮನೆಗಳಲ್ಲಿ ಇಂದಿಗೂ ಇದ್ದಾರೆ. ಅವರ ಪ್ರಶ್ನೆಯಲ್ಲಿ ಹುರುಳಿಲ್ಲವೆನ್ನಲಾಗದು. ಕೂಸಿಗೆ ಎಣ್ಣೆ ಒತ್ತಿ ನೀರು ಹಾಕುವುದು, ತೊಟ್ಟಿಲು ತೂಗಿ ಜೋಗುಳ ಹಾಡುವುದು, ಅಳುವಿನ ಬಗೆಯಿಂದಲೇ ಹಸಿವೋ ಹೊಟ್ಟೆನೋವೋ ಎಂದು ಗುರುತಿಸುವುದು, ಇವೆಲ್ಲ ಗ್ರಂಥಗಳಿಂದ ಬಂದ ವಿದ್ಯೆಯಲ್ಲ. ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಇಳಿದು ಬಂದದ್ದು.

ಆದರೆ ಆ ವಿದ್ಯೆ ಹರಿದು ಬರುತ್ತಿದ್ದ ಕಾಲುವೆಯೇ ಈಗ ಅಲ್ಲಲ್ಲಿ ಒಡೆದಿದೆ. ಮಗ ಸೊಸೆ ಬೆಂಗಳೂರಿನಲ್ಲಿ. ಕೊಬ್ಬರಿ ಅಟ್ಟವನ್ನೂ ವಯಸ್ಸಾದ ಮೊಣಕಾಲುಗಳನ್ನೂ ಕಾಯ್ದುಕೊಂಡು ಅಜ್ಜ ಅಜ್ಜಿ ಊರಿನಲ್ಲಿ. ಕೆಲವು ಮನೆಗಳಲ್ಲಿ ಕೂಸು ಅಜ್ಜಿಯ ಮಡಿಲಿಗೆ ಬಂದು ತಂದೆ ತಾಯಿಯರು ವಾರಕ್ಕೊಮ್ಮೆ ರೈಲು ಹತ್ತಿ ಬರುತ್ತಾರೆ. ಮತ್ತೆ ಕೆಲವು ಮನೆಗಳಲ್ಲಿ ಎಳೆಯ ಬಾಣಂತಿ ನಗರದ ಎರಡು ಕೋಣೆಗಳ ನಡುವೆ ಒಬ್ಬಳೇ. ಇಂಥ ಮನೆಗಳಿಗೆ ದೂರದಿಂದ ಬರುವ ಹಿತವಚನವನ್ನು ಹಾಸ್ಯ ಮಾಡುವ ಹಕ್ಕು ನಮಗಿಲ್ಲವೆಂದೇ ನನ್ನ ಭಾವನೆ.

ಕಾಣದ ಧ್ವನಿಯೊಂದು ಮನೆಯೊಳಗೆ ಬಂದು ಬೋಧಿಸುವುದು ಕನ್ನಡಿಗರಿಗೆ ಹೊಸತೂ ಅಲ್ಲ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ 'ಆಕಾಶವಾಣಿ'ಯನ್ನು ಆರಂಭಿಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರೆಂಬುದನ್ನು ನೆನೆದಾಗಲೆಲ್ಲ ನನಗೆ ಒಂದು ಬಗೆಯ ಸಂತೋಷವಾಗುತ್ತದೆ. ಆದರೆ ಬಾನುಲಿ ತಾನು ನುಡಿಯುತ್ತಿತ್ತು, ಕೇಳುತ್ತಿರಲಿಲ್ಲ. ಈಗಿನ ವ್ಯವಸ್ಥೆಯ ವಿಶೇಷವೆಂದರೆ ಅತ್ತ ಕುಳಿತ ತಜ್ಞೆ ಇತ್ತಲಿನ ತಾಯಿಯನ್ನು ನೋಡುತ್ತಾಳೆ, ಆಕೆಯ ಕೈಯಲ್ಲೇ ಕೆಲಸ ಮಾಡಿಸುತ್ತಾಳೆ, ತಪ್ಪಿದರೆ ತಿದ್ದುತ್ತಾಳೆ.

ಇದರ ಅತ್ಯುತ್ತಮ ನಿದರ್ಶನ ನಮ್ಮ ನಾಡಿನಲ್ಲಿಯೇ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಕಿವಿ ಕೇಳದ, ಮಾತು ಬಾರದ ಮಕ್ಕಳ ಸೇವೆಯಲ್ಲಿ ಅರ್ಧ ಶತಮಾನಕ್ಕೂ ಮಿಕ್ಕಿದ ಅನುಭವವುಳ್ಳದ್ದು. ಮಗುವಿನ ಜೊತೆಗೆ ತಾಯಿಗೂ ತರಬೇತಿ ಕೊಡುವುದು ಅಲ್ಲಿನ ಪದ್ಧತಿ. ದೂರದ ಊರಿನವರಿಗೆ ಅಂತರ್ಜಾಲದ ಮೂಲಕ ಮಾರ್ಗದರ್ಶನ ನೀಡುವ ಏರ್ಪಾಡೂ ಅಲ್ಲಿದೆ. ಮಾತಿನ ಅಭ್ಯಾಸ ಒಂದು ದಿನದ ಔಷಧಿಯಲ್ಲವಷ್ಟೆ. ವಾರವಾರವೂ ಮಗುವನ್ನೆತ್ತಿಕೊಂಡು ಮೈಸೂರಿಗೆ ಹೋಗಿ ಬರುವುದೆಂದರೆ ನಮ್ಮ ಕಡೆಯವರಿಗೆ ಇಡೀ ದಿನ ಹೋಯಿತು, ಕೂಲಿಯೂ ಹೋಯಿತು. ಎರಡು ಸಲ ಹೋಗಿ ಮೂರನೆಯ ಸಲ ಬಿಟ್ಟವರೇ ಹೆಚ್ಚು.

ತುರುವೇಕೆರೆ ಕಡೆಯ ಒಂದು ಮನೆಯಲ್ಲಿ ನಾನು ಕಂಡುದನ್ನು ಹೇಳುತ್ತೇನೆ. ಎರಡೂವರೆ ವರ್ಷದ ಗಂಡುಮಗು. ಒಂದು ಮಾತೂ ಇಲ್ಲ. "ಅವರಪ್ಪನೂ ಹೀಗೆಯೇ, ನಾಲ್ಕು ತುಂಬಿದ ಮೇಲೆ ಮಾತಾಡಿದ" ಎಂಬುದು ಅಜ್ಜಿಯ ಸಮಾಧಾನ. ಆ ಸಮಾಧಾನದಲ್ಲಿಯೇ ಒಂದು ವರ್ಷ ಕಳೆದಿತ್ತು. ಅಂಗನವಾಡಿಯ ಶಿಕ್ಷಕಿ ಬೆನ್ನು ಬಿದ್ದು ಪರೀಕ್ಷೆ ಮಾಡಿಸಿದಾಗ ಎರಡು ಕಿವಿಗಳಲ್ಲೂ ಶ್ರವಣದೋಷವಿರುವುದು ತಿಳಿಯಿತು. ಶ್ರವಣ ಸಾಧನ ಬಂತು. ಜೊತೆಗೆ ವಾರಕ್ಕೊಮ್ಮೆ ಮೊಬೈಲಿನಲ್ಲಿ ಪಾಠ. ನಾನು ಹೋದ ದಿನ ತಜ್ಞೆ ಆ ತಾಯಿಗೆ ಹೇಳಿಕೊಡುತ್ತಿದ್ದುದು ಇಷ್ಟೆ: ಮಗುವಿನ ಕಣ್ಣಿನ ಮಟ್ಟಕ್ಕೆ ಕುಳಿತುಕೊಳ್ಳಿ, ಅದು ಯಾವುದನ್ನು ನೋಡುತ್ತಿದೆಯೋ ಅದರ ಹೆಸರನ್ನೇ ಹೇಳಿ, ಹೇಳಿದ ಮೇಲೆ ಸುಮ್ಮನಿದ್ದು ಮನಸ್ಸಿನಲ್ಲಿ ಐದು ಎಣಿಸಿ, ಮಗು ಏನೇ ಸದ್ದು ಮಾಡಿದರೂ ಅದನ್ನು ಮಾತೆಂದೇ ಎಣಿಸಿ ಉತ್ತರ ಕೊಡಿ. ಆ ತಾಯಿ ಮುದ್ದೆ ತೊಳಸುತ್ತ "ಹಿಟ್ಟು", "ಕೋಲು", "ಬಿಸಿ" ಎಂದು ಒಂದೊಂದಾಗಿ ಹೇಳಿ ಕಾಯುತ್ತಿದ್ದಳು. ಕಾಯುವುದೇ ಕಷ್ಟ. ಮಾತಿನ ಮೇಲೆ ಮಾತು ಸುರಿಯುವುದು ನಮ್ಮೆಲ್ಲರ ಅಭ್ಯಾಸ.

ಶಬ್ದವನ್ನು ಗುರುತಿಸುವ ಆಟಕ್ಕೆ ಮನೆಯಲ್ಲಿ ಸದ್ದು ಮಾಡುವ ವಸ್ತು ಏನಿದೆಯೆಂದು ಅತ್ತಲಿಂದ ಪ್ರಶ್ನೆ ಬಂತು. ಅಲ್ಲಿಯವರೆಗೆ ಜಗಲಿಯ ಮೇಲೆ ಮುಖ ತಿರುಗಿಸಿಕೊಂಡು ಕುಳಿತಿದ್ದ ಅಜ್ಜ ಎದ್ದು ಹೋಗಿ ಅಟ್ಟದಿಂದ ಒಂದು ಒಣಗಿದ ಕಾಯಿ ತಂದರು. ನೀರು ಪೂರ್ತಿ ಇಂಗಿ ಚಿಪ್ಪಿನೊಳಗೆ ಉಂಡೆ ಕೊಬ್ಬರಿ ಕಳಚಿಕೊಂಡರೆ ಅಲ್ಲಾಡಿಸಿದಾಗ ಗಡಗಡ ಎನ್ನುವುದನ್ನು ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ. ಅಜ್ಜ ಮಗುವಿನ ಬೆನ್ನ ಹಿಂದೆ ನಿಂತು ಕಾಯಿ ಅಲ್ಲಾಡಿಸುವುದು, ಸದ್ದು ಕೇಳಿದಾಗ ಮಗು ಒಂದು ಹುಣಸೆ ಬೀಜವನ್ನು ಬಟ್ಟಲಿಗೆ ಹಾಕುವುದು. ಹೀಗೆ ಆಟ ಸಾಗಿತು. ಬೀಜವನ್ನು ಬಾಯಿಗೆ ಹಾಕದಂತೆ ನೋಡಿಕೊಳ್ಳುವ ಕೆಲಸ ಅಜ್ಜಿಯ ಪಾಲಿಗೆ ಬಂತು. ದಿನವೂ ಮಾಡಬೇಕಾದ ಪಾಠಕ್ಕೆ ಮನೆಯ ಮೂವರು ಸಿಕ್ಕಿದ್ದರು. ತಾಯಿಯೊಬ್ಬಳಿಗೇ ಹೇಳಿಕೊಟ್ಟಿದ್ದರೆ "ಅವಳಿಗೇನು ಗೊತ್ತು" ಎಂಬ ಮಾತಿನ ಮುಂದೆ ಆ ಪಾಠ ಎಂಟು ದಿನವೂ ನಿಲ್ಲುತ್ತಿರಲಿಲ್ಲ.

ಇಲ್ಲಿ ಕಾಲದ ಲೆಕ್ಕ ನಿಷ್ಠುರವಾದುದು. ಶಿಶು ಹುಟ್ಟಿದ ಒಂದು ತಿಂಗಳೊಳಗೆ ಶ್ರವಣದ ತಪಾಸಣೆ, ಮೂರು ತಿಂಗಳೊಳಗೆ ದೋಷದ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ತಜ್ಞರು ಒಪ್ಪಿರುವ ಕ್ರಮ. ಮಾತನ್ನು ಹಿಡಿದುಕೊಳ್ಳುವ ಶಕ್ತಿ ಮಿದುಳಿಗೆ ಮೊದಲ ವರ್ಷಗಳಲ್ಲಿ ಇರುವಷ್ಟು ಮುಂದೆ ಇರುವುದಿಲ್ಲ. ವರ್ಷ ತುಂಬಿದ ಮಗು ಹೆಸರು ಕೂಗಿದರೆ ತಿರುಗಿ ನೋಡದಿದ್ದರೆ, ಒಂದೂವರೆ ವರ್ಷಕ್ಕೆ ಒಂದೂ ಅರ್ಥವುಳ್ಳ ಪದ ಬಾರದಿದ್ದರೆ, ಮನೆತನದ ಉದಾಹರಣೆಗಳನ್ನು ಬದಿಗಿಟ್ಟು ಪರೀಕ್ಷೆ ಮಾಡಿಸಬೇಕು.

ಮಾತು ಕಿವಿಗಳ ತೊಂದರೆ ಇಲ್ಲದ ಮನೆಗಳಿಗೂ ದೂರದ ಪಾಠಗಳಿವೆ. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಹಾಗೂ ಕೆಲವು ವಿಶ್ವವಿದ್ಯಾಲಯಗಳು ಸೇರಿ ರೂಪಿಸಿದ್ದ ಪೋಷಕ ಶಿಕ್ಷಣವು 2020ರ ಕೊರೋನಾ ಕಾಲದಲ್ಲಿ ಒಂದೊಂದು ಹಾಳೆಯ ಸೂಚನೆಗಳಾಗಿ ಹಲವು ಭಾಷೆಗಳಲ್ಲಿ ಜಗತ್ತಿಗೆಲ್ಲ ಹಂಚಿಕೆಯಾಯಿತು. ಅದರ ತಿರುಳು ಬಹು ಸರಳ. ಪ್ರತಿಯೊಂದು ಮಗುವಿಗೂ ದಿನದಲ್ಲಿ ಸ್ವಲ್ಪ ಹೊತ್ತು ಬೇರೆಯಾಗಿಯೇ ಕೊಡಿ, ಆ ಹೊತ್ತಿನಲ್ಲಿ ಏನು ಮಾಡಬೇಕೆಂಬುದನ್ನು ಮಗುವೇ ಆರಿಸಲಿ; ಒಳ್ಳೆಯದನ್ನು ಮಾಡಿದಾಗ ಬಾಯ್ತುಂಬ ಮೆಚ್ಚಿ; "ಕಿರುಚಬೇಡ" ಎನ್ನುವ ಬದಲು "ಮೆಲ್ಲಗೆ ಮಾತಾಡು" ಎನ್ನಿ; ಸಿಟ್ಟು ನೆತ್ತಿಗೇರಿದಾಗ ಕೈಯೆತ್ತದೆ ಒಂದು ಕ್ಷಣ ಉಸಿರು ತೆಗೆದುಕೊಳ್ಳಿ. ಇದರಲ್ಲಿ ಹೊಸದೇನಿದೆ ಎನ್ನುವಿರಿ. ಇರಬಹುದು. ಆದರೆ ತೆಂಗಿನ ಗರಿಕಡ್ಡಿಯನ್ನು ಬಾಗಿಲ ಸಂದಿಯಲ್ಲಿ ಸಿಕ್ಕಿಸಿಟ್ಟ ಮನೆಗಳು ನಮ್ಮಲ್ಲಿ ಇನ್ನೂ ಎಷ್ಟಿಲ್ಲ?

ಇನ್ನು ಒಂದು ತೊಡಕನ್ನು ಮರೆಮಾಚಬಾರದು. ಪಾಠ ಬರುವ ಮೊಬೈಲೇ ಮಗುವಿನ ತುತ್ತಿಗೂ ಬಂದು ಕುಳಿತಿದೆ. ಚಿತ್ರ ತೋರಿಸದಿದ್ದರೆ ಬಾಯಿ ತೆರೆಯದ ಕೂಸುಗಳನ್ನು ಮನೆಮನೆಗಳಲ್ಲಿ ಕಾಣುತ್ತಿದ್ದೇವೆ. 2021ರಲ್ಲಿ ಭಾರತೀಯ ಮಕ್ಕಳ ವೈದ್ಯರ ಸಂಘವು ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡವೆಂದೂ, ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರದಿರಲೆಂದೂ ವಿಧಿಸಿತು. ದೂರದಲ್ಲಿರುವ ತಂದೆ ತಾಯಿಯರು ಮುಖ ನೋಡಿ ಮಾತಾಡುವುದನ್ನು ಮಾತ್ರ ಈ ನಿಷೇಧದಲ್ಲಿ ಸೇರಿಸಬೇಕಾಗಿಲ್ಲ. ಅಲ್ಲಿ ಎದುರಿಗೆ ಉತ್ತರ ಕೊಡುವ ಜೀವವಿದೆ. ಬೆಂಗಳೂರಿನ ತಂದೆಗೆ ನನ್ನ ಸೂಚನೆ ಇಷ್ಟೆ: "ಊಟ ಆಯ್ತಾ" ಎಂದು ಕೇಳಿ ಇಡಬೇಡಿ, ಐದು ನಿಮಿಷ ಒಂದು ಕಥೆ ಹೇಳಿ.

ಬಾಣಂತಿಯ ಮನಸ್ಸು ಕುಂದಿದಾಗ ದೃಷ್ಟಿ ತೆಗೆದು, ವಿಭೂತಿ ಹಚ್ಚಿ ಸುಮ್ಮನಾಗುವ ಮನೆಗಳಿವೆ. ವಿಭೂತಿ ಇರಲಿ, ಅದರ ಜೊತೆಗೆ 14416 ಎಂಬ ಸಂಖ್ಯೆಯೂ ಗೋಡೆಯ ಮೇಲಿರಲಿ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ 'ಟೆಲಿ ಮಾನಸ್' ಸೇವೆ ಇದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲಿರುಳೂ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ತಾಯಿಯ ಮನಸ್ಸು ನೆಟ್ಟಗಿಲ್ಲದೆ ಮಗುವಿನ ಪಾಲನೆ ನೆಟ್ಟಗಾಗದು.

ಫೋನಿನಲ್ಲಿ ಉಪದೇಶಿಸುವವರೆಲ್ಲ ತಜ್ಞರಲ್ಲ. 2020ರ ಮಾರ್ಚ್‌ನಲ್ಲಿ ಬಂದ ದೂರವೈದ್ಯ ನಿಯಮಗಳ ಪ್ರಕಾರ ವೈದ್ಯರು ತಮ್ಮ ನೋಂದಣಿ ಸಂಖ್ಯೆಯನ್ನು ಚೀಟಿಯಲ್ಲಿ ಕಾಣಿಸಬೇಕು. ರೋಗಿ ಮಗುವಾಗಿದ್ದರೆ ಹಿರಿಯರೊಬ್ಬರು ಜೊತೆಯಲ್ಲಿರಬೇಕು. ಬುದ್ಧಿ ಬೆಳೆಸುವ ಪುಡಿ ಮಾರುವವರನ್ನೂ, ಹಣ ಮುಂಗಡ ಕೇಳುವವರನ್ನೂ ದೂರವಿಡಿ. ಮಗುವಿಗೆ ಫಿಟ್ಸ್ ಬಂದರೆ, ಉಸಿರು ಕಟ್ಟಿದರೆ, ಹಾಲು ಕುಡಿಯುವುದನ್ನೇ ಬಿಟ್ಟರೆ ಫೋನಿನ ಪಾಠಕ್ಕೆ ಕಾಯದೆ 108ನ್ನು ಕರೆಯಿರಿ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಪ್ರತಿ ಅಂಗನವಾಡಿಗೂ ವರ್ಷಕ್ಕೆ ಎರಡು ಬಾರಿ ವೈದ್ಯರ ತಂಡ ಬರಬೇಕೆಂಬ ನಿಯಮವಿದೆ. ನಿಮ್ಮ ಊರಿಗೆ ಬರುವ ದಿನ ಯಾವುದೆಂದು ಶಿಕ್ಷಕಿಯನ್ನು ಕೇಳಿ ಗುರುತು ಹಾಕಿಟ್ಟುಕೊಳ್ಳಿ. ಆ ದಿನ ಕಾಯಿ ಕೀಳಿಸುವ ಕೆಲಸವಿದ್ದರೆ ಮರುದಿನಕ್ಕೆ ಇಟ್ಟುಕೊಳ್ಳಬಹುದು.