ಓದಿ ಓದಿ ಸುಮ್ಮನಾಗುವ ಗೆಳೆಯನೇ, ಬಾಯಿ ಬಿಡು!

ಕನ್ನಡದ ಗೆಳೆಯನೇ, ಗೆಳತಿಯೇ,

ರಾತ್ರಿ ಹನ್ನೊಂದಾದರೂ ನಿನ್ನ ಕೈಯಲ್ಲಿ ಮೊಬೈಲು ಉರಿಯುತ್ತಿದೆ. ಯಾರೋ ಒಬ್ಬರು ನಿನ್ನ ಹುಚ್ಚಿಗೆ ಸರಿಹೊಂದುವ ಸಂಗತಿಯನ್ನೇ ಬರೆದಿದ್ದಾರೆ. ಹಳೆಯ ಸಿನಿಮಾ ಇರಬಹುದು, ಕೆರೆಯ ಹಕ್ಕಿ ಇರಬಹುದು, ಕಂಪ್ಯೂಟರ್ ಕೋಡ್ ಇರಬಹುದು. ಅವರ ಮುಖ ನಿನಗೆ ಗೊತ್ತಿಲ್ಲ, ಊರು ಗೊತ್ತಿಲ್ಲ. ಓದುತ್ತೀಯ, ಮೆಚ್ಚುತ್ತೀಯ. ಅವರ ಮೂರು ವರ್ಷದ ಹಿಂದಿನ ಬರಹಗಳನ್ನೂ ಕೆದಕಿ ಕೆದಕಿ ಓದುತ್ತೀಯ. ‘ಫಾಲೋ’ ಗುಂಡಿಯ ಹತ್ತಿರ ಬೆರಳು ತಂದು ಹಿಂದಕ್ಕೆ ತೆಗೆಯುತ್ತೀಯ. ಎರಡು ಸಾಲು ಬರೆದು, ಅಳಿಸಿ, ಮತ್ತೆ ಬರೆದು, ಮತ್ತೆ ಅಳಿಸಿ ಮಲಗಿಬಿಡುತ್ತೀಯ. ಹೌದೋ ಅಲ್ಲವೋ?

ಯಾಕಪ್ಪಾ ಎಂದರೆ ನಿನ್ನದು ಒಂದೇ ಉತ್ತರ: “ಪರಿಚಯ ಇಲ್ವಲ್ಲ, ಏನಂದ್ಕೋತಾರೋ!”

ಎಂಥ ಮಾತು! ಇದೇ ನಾಡಿನ ಕೆಂಪು ಬಸ್ಸಿನಲ್ಲಿ ನಿನ್ನ ತಾತ ಕಿಟಕಿ ಪಕ್ಕ ಕೂತವನನ್ನು “ಯಾವೂರಾಯ್ತಪ್ಪಾ?” ಎಂದು ಕೇಳುತ್ತಿದ್ದರು. ಅರ್ಧ ಗಂಟೆಯಲ್ಲಿ ಅವನ ಹೊಲ ಎಷ್ಟು, ಮಗಳನ್ನು ಯಾವ ಊರಿಗೆ ಕೊಟ್ಟಿದ್ದಾನೆ, ಈ ಸಲ ರಾಗಿ ಹೇಗೆ ಬಂತು ಎಲ್ಲ ಗೊತ್ತಾಗುತ್ತಿತ್ತು. ದಾರಿಹೋಕ ಬಿಸಿಲಿಗೆ ಬಂದು ಜಗಲಿಯ ಮೇಲೆ ಕೂತರೆ ನೀರು ಬೆಲ್ಲ ಕೊಟ್ಟು ಮಾತಿಗೆ ಕೂರುತ್ತಿದ್ದ ಜನ ನಾವು. ‘ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ’ ಎಂದವರು ನಮ್ಮವರೇ. ಆ ತಾತನ ಮೊಮ್ಮಗ ನೀನು. ಎರಡು ಸಾಲು ಕಳಿಸಲು ಬೆವರುತ್ತೀಯ!

ಇದು ಸಂಕೋಚ, ಸಭ್ಯತೆ, ನಮ್ಮ ಮಣ್ಣಿನ ಗುಣ ಎಂದು ಹಾಡಿ ಹೊಗಳಿಕೊಳ್ಳಬೇಡ. ಇದು ‘ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ’ ಎಂಬ ಭ್ರಮೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞರು ಒಂದು ತಮಾಷೆಯ ಪ್ರಯೋಗ ಮಾಡಿ 2000ದಲ್ಲಿ ಪ್ರಕಟಿಸಿದರು. ಮುಜುಗರವಾಗುವಂಥ ಒಂದು ಟೀ ಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ತುಂಬಿದ ಕೋಣೆಗೆ ಕಳಿಸಿದರು. ಅರ್ಧದಷ್ಟು ಜನ ನನ್ನ ಅಂಗಿ ನೋಡಿಬಿಟ್ಟರು ಎಂದು ತೊಟ್ಟವರು ನಂಬಿದ್ದರು. ನಿಜವಾಗಿ ಗಮನಿಸಿದ್ದವರು ಸುಮಾರು ಕಾಲು ಭಾಗ ಮಾತ್ರ! ನಿನ್ನ ಎರಡು ಸಾಲಿನ ಕಥೆಯೂ ಇಷ್ಟೇ. ಜಗತ್ತಿಗೆ ನಿನ್ನ ಕಾಗುಣಿತ ತಿದ್ದುವುದಕ್ಕಿಂತ ಬೇರೆ ಕೆಲಸ ಬಹಳ ಇದೆ.

ಶಿಕಾಗೋದಲ್ಲಿ ಇನ್ನೊಂದು ನಡೆಯಿತು, 2014ರಲ್ಲಿ ಪ್ರಕಟವಾಯಿತು. ದಿನಾ ರೈಲಿನಲ್ಲಿ ಓಡಾಡುವವರಲ್ಲಿ ಕೆಲವರಿಗೆ ಪಕ್ಕದ ಅಪರಿಚಿತರನ್ನು ಮಾತಾಡಿಸಿ ಎಂದರು, ಕೆಲವರಿಗೆ ಸುಮ್ಮನೆ ಕೂರಿ ಎಂದರು. ಯಾವುದು ಹಿತ ಎಂದು ಮೊದಲೇ ಕೇಳಿದರೆ ಜನ ಸುಮ್ಮನಿರುವುದೇ ಹಿತ ಎನ್ನುತ್ತಿದ್ದರು. ಪಯಣ ಮುಗಿದ ಮೇಲೆ ಹೆಚ್ಚು ಖುಷಿಯಲ್ಲಿದ್ದವರು ಮಾತಾಡಿದವರು. ಇಷ್ಟನ್ನು ತಿಳಿಯಲು ಅವರಿಗೆ ವಿಶ್ವವಿದ್ಯಾಲಯ ಬೇಕಾಯಿತು. ನಿನ್ನ ತಾತನಿಗೆ ಬೇಕಾಗಿರಲಿಲ್ಲ, ಅದು ಬೇರೆ ಮಾತು.

ನನ್ನದೂ ಒಂದು ತಪ್ಪಿದೆ

ನಿನ್ನನ್ನು ಬೈಯುವ ನಾನೇನೂ ಸಾಚಾ ಅಲ್ಲ. ಒಬ್ಬರು ಬಯಲುಸೀಮೆಯ ಗಿಡಗಂಟಿಗಳಿಗೆ ಹಳ್ಳಿಯವರು ಕರೆಯುವ ಹೆಸರುಗಳನ್ನು ಫೋಟೋ ಸಮೇತ ಹಾಕುತ್ತಿದ್ದರು. ಬಂದರೆ, ತಂಗಡಿ, ಕಗ್ಗಲಿ, ಉತ್ತರಾಣಿ. ಯಾವ ಊರಲ್ಲಿ ಯಾವ ಹೆಸರು, ಯಾವ ಅಜ್ಜಿ ಹೇಳಿದ್ದು ಎಲ್ಲ ಬರೆಯುತ್ತಿದ್ದರು. ಮೂರು ವರ್ಷ ನಾನು ತಪ್ಪದೆ ಓದಿದೆ. ಒಂದು ಮಾತು ಬರೆಯಲಿಲ್ಲ. ಒಂದು ಗಿಡಕ್ಕೆ ನಮ್ಮಮ್ಮ ಹೇಳುತ್ತಿದ್ದ ಬೇರೆ ಹೆಸರು ನನಗೆ ಗೊತ್ತಿತ್ತು, ಅದನ್ನೂ ತಿಳಿಸಲಿಲ್ಲ. ದೊಡ್ಡವರು, ನಡುವೆ ಬಾಯಿ ಹಾಕುವುದು ಯಾಕೆ ಅಂತ. ಒಂದು ದಿನ ಅವರು ಬರೆದರು, ಇದನ್ನು ಯಾರೂ ನೋಡುತ್ತಿಲ್ಲ ಎನಿಸುತ್ತಿದೆ, ನಿಲ್ಲಿಸುತ್ತೇನೆ ಎಂದು. ಅದರ ಕೆಳಗೂ ನಾನು ಏನೂ ಬರೆಯಲಿಲ್ಲ! ವಾರ ಬಿಟ್ಟು ಧೈರ್ಯ ಮಾಡಿ ಹೋದರೆ ಖಾತೆಯೇ ಇರಲಿಲ್ಲ. ಫೋಟೋ ಇಲ್ಲ, ಹೆಸರುಗಳಿಲ್ಲ, ಅಜ್ಜಿಯರಿಲ್ಲ.

ಅವರನ್ನು ಯಾರೂ ಬೈದಿರಲಿಲ್ಲ. ನನ್ನಂಥವರ ಮೌನ ಓಡಿಸಿತು.

‘ಹಿಂಬಾಲಿಸು’ ಎಂಬ ಪದ

ಒಂದು ನ್ಯಾಯದ ಅಳುಕು ಇದೆ, ಅದನ್ನು ತಳ್ಳಿಹಾಕಬಾರದು. ‘ಫಾಲೋ’ವನ್ನು ಕನ್ನಡಕ್ಕೆ ‘ಹಿಂಬಾಲಿಸು’ ಎಂದು ಮಾಡಿದ್ದಾರೆ. ಹುಡುಗಿಯ ಹಿಂದೆ ಕಾಲೇಜಿನಿಂದ ಬಸ್ ಸ್ಟ್ಯಾಂಡಿನವರೆಗೆ ಹೋಗುವ ಪೋಕರಿಗೂ ಅದೇ ಪದ! ಅಳುಕದೆ ಇನ್ನೇನು? ಅದೂ ಹೆಣ್ಣುಮಕ್ಕಳು ಅಪರಿಚಿತರ ‘ಹಾಯ್’ ಕಂಡು ಹೌಹಾರುವುದಕ್ಕೆ ಕಾರಣವಿದೆ. ಬೇಡವೆಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಹೆಣ್ಣೊಬ್ಬಳನ್ನು ಮತ್ತೆ ಮತ್ತೆ ಸಂಪರ್ಕಿಸುವುದು, ಆಕೆಯ ಇಂಟರ್ನೆಟ್ ಬಳಕೆಯ ಮೇಲೆ ಕಣ್ಣಿಡುವುದು ಅಪರಾಧ. 2013ರಲ್ಲಿ ದಂಡ ಸಂಹಿತೆಗೆ 354ಡಿ ಕಲಂ ಆಗಿ ಸೇರಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ. ಗೆಳತಿ, ನೀನು ಉತ್ತರಿಸದಿರುವುದು ನಿನ್ನ ಹಕ್ಕು. ಬ್ಲಾಕ್ ಗುಂಡಿ ಇರುವುದೇ ಅದಕ್ಕೆ, ಅದರಲ್ಲಿ ದಾಕ್ಷಿಣ್ಯ ಬೇಡ.

ಆದರೆ ಗೆಳೆಯ, ನೀನು ಆ ಕಾನೂನಿನ ಹಿಂದೆ ಅಡಗಬೇಡ. ಎಲ್ಲರಿಗೆಂದೇ ಬರೆದದ್ದಕ್ಕೆ ಎಲ್ಲರೆದುರು, ಬರಹದ ವಿಷಯಕ್ಕೆ ತಕ್ಕ ಒಂದು ಮಾತು ಹೇಳುವುದು ಬೇರೆ. ಇನ್‌ಬಾಕ್ಸಿಗೆ ನುಗ್ಗಿ “ಊಟ ಆಯ್ತಾ” ಎನ್ನುವುದು ಬೇರೆ. ಕತ್ತಲಲ್ಲಿ ನಿಂತು ಒಬ್ಬರ ಹಳೆಯದನ್ನೆಲ್ಲ ಕೆದಕುವವನಿಗಿಂತ ಬಾಗಿಲಿಗೆ ಬಂದು ಹೆಸರು ಹೇಳುವವನು ಮರ್ಯಾದಸ್ಥ. ನೀನು ಈಗ ಮಾಡುತ್ತಿರುವುದು ಇವೆರಡರಲ್ಲಿ ಯಾವುದು, ನೀನೇ ಹೇಳು.

ಲೆಕ್ಕ ನೋಡು

ಆನ್‌ಲೈನ್ ಕೂಟಗಳಲ್ಲಿ ನೂರಕ್ಕೆ 90 ಜನ ಬರೀ ನೋಡುವವರು, 9 ಜನ ಆಗೊಮ್ಮೆ ಈಗೊಮ್ಮೆ ಬರೆಯುವವರು, ಒಬ್ಬನೇ ಬಹುಪಾಲು ಬರೆಯುವವನು ಎಂದು ಜೇಕಬ್ ನೀಲ್ಸನ್ 2006ರಲ್ಲಿ ಬರೆದರು. ದೊಡ್ಡ ಭಾಷೆಗಳಿಗೆ ಆ ಒಬ್ಬನೇ ಸಾಕು, ಅವರಲ್ಲಿ ಜನಸಾಗರವಿದೆ. ನಮಗೆ?

2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದವರು 4.37 ಕೋಟಿ, ಮಲಯಾಳ ಎಂದವರು 3.48 ಕೋಟಿ. ಕನ್ನಡ ವಿಕಿಪೀಡಿಯ 2003ರಲ್ಲೇ ಶುರುವಾಯಿತು. ಈಗ ಅದರಲ್ಲಿರುವ ಲೇಖನಗಳು 30 ಸಾವಿರ ಚಿಲ್ಲರೆ. ಮಲಯಾಳದಲ್ಲಿ 80 ಸಾವಿರ ದಾಟಿವೆ. ತಮಿಳಿನಲ್ಲಿ ಒಂದೂವರೆ ಲಕ್ಷ ದಾಟಿವೆ. ನಮ್ಮಲ್ಲಿ ಓದಿದವರು ಕಡಿಮೆಯೇ? ಕಂಪ್ಯೂಟರ್ ಬಲ್ಲವರು ಕಡಿಮೆಯೇ? ಬೆಂಗಳೂರಿನವರಾಗಿ ಈ ಮಾತು ಹೇಳಲು ಬಾಯಿ ಬರುತ್ತದೆಯೇ? ಸಮುದಾಯ ಕೂತು ಮಾತಾಡಲೆಂದು ಅಲ್ಲೊಂದು ಪುಟವಿದೆ, ಅದಕ್ಕೆ ಇಟ್ಟಿರುವ ಹೆಸರು ‘ಅರಳಿಕಟ್ಟೆ’. ಎಷ್ಟು ಚೆಂದದ ಹೆಸರು! ಕಟ್ಟೆ ಕಟ್ಟಿ ಇಟ್ಟಿದ್ದಾರೆ. ಕೂರುವವರು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಮರದ ಹಿಂದೆ ನಿಂತು ಕೇಳಿಸಿಕೊಂಡು ಮನೆಗೆ ಹೋಗುತ್ತೀರಿ.

ಇದೇ ಊರಲ್ಲಿ ಬೇರೆಯದೂ ನಡೆದಿದೆ. 2017ರಲ್ಲಿ ‘ನಮ್ಮ ಮೆಟ್ರೋ ಹಿಂದಿ ಬೇಡ’ ಎಂದು ಟ್ವಿಟರಿನಲ್ಲಿ ಕೂಗಿದವರಲ್ಲಿ ಬಹಳ ಮಂದಿ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಅಪರಿಚಿತರು ಅಪರಿಚಿತರಿಗೆ ದನಿಗೂಡಿಸಿದರು. ಜುಲೈ ತಿಂಗಳಲ್ಲಿ ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಕೇಂದ್ರಕ್ಕೆ ಪತ್ರ ಬರೆದರು, ಫಲಕಗಳಿಂದ ಹಿಂದಿ ಇಳಿಯಿತು. ಸಿಟ್ಟು ಬಂದಾಗ ಗುರುತಿಲ್ಲದವರ ಜತೆ ಕೂಗಲು ಬರುತ್ತದೆ. ಖುಷಿಯಾದಾಗ “ಚೆನ್ನಾಗಿದೆ ಕಣ್ರೀ” ಎನ್ನಲು ನಾಲಿಗೆ ಏಳುವುದಿಲ್ಲ. ಇದೇನು ವಿಚಿತ್ರ!

‘ನೀನು’ ಎನ್ನಲೋ ‘ನೀವು’ ಎನ್ನಲೋ, ಸರ್ ಎನ್ನಲೋ ಮೇಡಂ ಎನ್ನಲೋ ಗೊತ್ತಾಗಲ್ಲ, ಅದಕ್ಕೇ ಇಂಗ್ಲಿಷಿನಲ್ಲಿ ಬರೆದೆ ಎನ್ನುತ್ತೀಯ. ಆ ಕಡೆಯವನೂ ಹಾಗೇ ಅಂದುಕೊಂಡು ಇಂಗ್ಲಿಷಿನಲ್ಲೇ ಉತ್ತರಿಸುತ್ತಾನೆ. ಮಂಡ್ಯದವನೂ ಹುಬ್ಬಳ್ಳಿಯವನೂ ಆರು ತಿಂಗಳು ‘ಥ್ಯಾಂಕ್ಯೂ ಬ್ರೋ’ ಆಡಿ, ಕೊನೆಗೊಂದು ದಿನ “ಅಯ್ಯೋ, ಕನ್ನಡದವರಾ?” ಎನ್ನುವ ನಾಟಕ ನಾನೇ ಎಷ್ಟು ಸಲ ನೋಡಿದ್ದೇನೆ! ‘ನೀವು’ ಎನ್ನು. ಹದಿನೈದರ ಹುಡುಗನಿಗೂ ಅದರಿಂದ ಬೇಸರವಾಗದು, ಎಪ್ಪತ್ತರ ಅಜ್ಜನಿಗೂ ಆಗದು. ಹೆಸರು ಗೊತ್ತಿದ್ದರೆ ಹೆಸರಿಗೆ ‘ಅವರೇ’ ಸೇರಿಸು. ಸಲಿಗೆ ಬೆಳೆದ ಮೇಲೆ ‘ಗುರೂ’ ‘ಮಗಾ’ ಎಲ್ಲ ತಾನಾಗಿ ಬರುತ್ತದೆ.

ಉತ್ತರ ಬರದೆ ಇರಬಹುದು. ಬರದಿದ್ದರೆ ಬಿಡು, ಅವರಿಗೂ ಮನೆ ಮಠ ಇದೆ. ಎರಡನೇ ಸಲ ಕೆದಕಬೇಡ. ಬೇರೆಯವರ ಕಟ್ಟೆಗೆ ಹೋಗು.

ಆ ಎರಡು ಸಾಲು ಇನ್ನೂ ನಿನ್ನ ಡ್ರಾಫ್ಟಿನಲ್ಲೇ ಕೂತಿದೆಯಲ್ಲ? ಅಲ್ಪಪ್ರಾಣ ಮಹಾಪ್ರಾಣ ಒಮ್ಮೆ ನೋಡಿಕೊ. ಕಳಿಸು.