ದೊಡ್ಡ ಟಯರಿನ ಹುಸಿ ಲೆಕ್ಕ

ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ರಸ್ತೆಗಳಲ್ಲಿ ಪಿಕಪ್ ವಾಹನವೆಂಬುದು ಶೋಕಿಯ ವಸ್ತುವಲ್ಲ. ಮಲ್ಪೆಯ ಮೀನು ಘಟ್ಟ ಹತ್ತುವುದು, ಕಾರ್ಕಳದ ಕಡೆಯ ಕಲ್ಲು ಮನೆ ಕಟ್ಟುವಲ್ಲಿಗೆ ತಲಪುವುದು, ಅಡಿಕೆ, ಬಾಳೆಗೊನೆ, ಹಟ್ಟಿಗೊಬ್ಬರ, ಬೈಹುಲ್ಲು ಊರಿಂದೂರಿಗೆ ಸಾಗುವುದು ಅದರ ಬೆನ್ನ ಮೇಲೆ. ಎತ್ತಿನ ಗಾಡಿ ಮರೆಯಾದ ಮೇಲೆ ಮಲೆಯ ತಪ್ಪಲಿನ ಕೃಷಿಕನಿಗೆ ಎತ್ತಿನ ಜಾಗದಲ್ಲಿ ನಿಂತದ್ದು ಈ ವಾಹನವೇ. ಇಂಥ ದುಡಿಯುವ ಎತ್ತಿಗೆ ಆನೆಯ ಪಾದವನ್ನು ಜೋಡಿಸುವ ಹುಚ್ಚೊಂದು ಈಗ ಹಬ್ಬಿದೆ. ಕಂಪನಿ ಕೊಟ್ಟ ಟಯರನ್ನು ಕಳಚಿ, ಅದಕ್ಕಿಂತ ಎತ್ತರದ, ಅಗಲದ, ಆಳವಾದ ಗಚ್ಚುಗಳುಳ್ಳ ಟಯರನ್ನು ಹಾಕಿಸಿಕೊಳ್ಳುವುದು ಗಂಡಸ್ತನದ ಗುರುತಾಗಿದೆ. ಪೇಟೆಯ ಹುಡುಗರ ಜೀಪುಗಳಿಂದ ಮೊದಲಾದ ಈ ಚಾಳಿ ಬಾಡಿಗೆಯ ಪಿಕಪ್ಪಿಗೂ ಅಂಟುತ್ತಿರುವುದರಿಂದ ಇದರ ಲಾಭನಷ್ಟವನ್ನು ಲೆಕ್ಕ ಹಾಕಿ ನೋಡುವುದು ಅಗತ್ಯ.

ಮೀಟರು ಹೇಳುವ ಸುಳ್ಳು

ಬೊಲೆರೋ ಜಾತಿಯ ವಾಹನಗಳಲ್ಲಿ ಸಾಮಾನ್ಯವಾದ 215/75 ಆರ್ 15 ಟಯರನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇದರ ಅಗಲ 215 ಮಿಲಿಮೀಟರ್. ಪಕ್ಕದ ಎತ್ತರ ಅಗಲದ ಶೇಕಡಾ 75. ರಿಮ್ಮಿನ ವ್ಯಾಸ 15 ಅಂಗುಲ. ಒಟ್ಟು ವ್ಯಾಸ ಸುಮಾರು 703 ಮಿಲಿಮೀಟರ್. ಶೋಕಿಯವರಿಗೆ ಪ್ರಿಯವಾದ 31 ಅಂಗುಲದ ಟಯರಿನ ವ್ಯಾಸ 787 ಮಿಲಿಮೀಟರ್. ಅಂದರೆ ಶೇಕಡಾ 12ರಷ್ಟು ಹೆಚ್ಚು. ವಾಹನದ ಮೀಟರು ನೆಲವನ್ನು ಅಳೆಯುವುದಿಲ್ಲ, ಚಕ್ರದ ಸುತ್ತನ್ನು ಎಣಿಸುತ್ತದೆ. ಸುತ್ತು ದೊಡ್ಡದಾದುದು ಅದಕ್ಕೆ ತಿಳಿಯದು. ಮುಳ್ಳು 60 ತೋರಿಸುವಾಗ ವಾಹನ 67ರ ವೇಗದಲ್ಲಿರುತ್ತದೆ. ನಿಜವಾಗಿ 100 ಕಿಲೋಮೀಟರ್ ಓಡಿದಾಗ ಮೀಟರಿನಲ್ಲಿ ಕಾಣುವುದು 89 ಮಾತ್ರ.

ಮೈಲೇಜಿನ ವಾದವೆಲ್ಲ ಗೋಜಲಾಗುವುದು ಇಲ್ಲಿಯೇ. ಲೀಟರಿಗೆ 14 ಕಿಲೋಮೀಟರ್ ಕೊಡುತ್ತಿದ್ದ ಪಿಕಪ್ಪು ಟಯರು ಬದಲಿಸಿದ ಮೇಲೆ ಮೀಟರಿನ ಪ್ರಕಾರ 11 ಕೊಟ್ಟಿತೆಂದು ಭಾವಿಸಬಹುದು. ಚಾಲಕ ಮೂರು ಕಿಲೋಮೀಟರ್ ಹೋಯಿತೆಂದು ಗೋಳಾಡುತ್ತಾನೆ. ಟಯರು ಮಾರುವವನು ಅದು ಮೀಟರಿನ ದೋಷವೆಂದೂ ನಷ್ಟವೇ ಇಲ್ಲವೆಂದೂ ಸಮಾಧಾನ ಹೇಳುತ್ತಾನೆ. ಎರಡೂ ಅರ್ಧಸತ್ಯ. ತಿದ್ದಿದ ಲೆಕ್ಕದಲ್ಲಿ ಆ 11 ಎಂಬುದು 12.3 ಆಗುತ್ತದೆ, ಉಳಿದ 1.7 ಕಿಲೋಮೀಟರು ನಿಜವಾದ ನಷ್ಟ. ವರ್ಷಕ್ಕೆ 20,000 ಕಿಲೋಮೀಟರ್ ದುಡಿಯುವ ವಾಹನಕ್ಕೆ ಇಷ್ಟರಿಂದಲೇ ಸುಮಾರು 200 ಲೀಟರ್ ಡೀಸೆಲ್ ಹೆಚ್ಚು ಬೇಕು. ಲೀಟರಿಗೆ 90 ರೂಪಾಯಿ ಹಿಡಿದರೂ ಅದು 18,000 ರೂಪಾಯಿ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುವುದರಿಂದ ಗಾಳಿಗೆ ಸೇರುವ ಹೆಚ್ಚಿನ ಹೊರೆ ಅರ್ಧ ಟನ್ನಿಗೂ ಮಿಕ್ಕುತ್ತದೆ.

ಏರಿನಲ್ಲಿ ಸೋಲು, ಇಳಿಜಾರಿನಲ್ಲಿ ಅಪಾಯ

ಎಂಜಿನ್ನಿನ ತಿರುಚುಬಲ ಟಯರು ಬದಲಾದ ಮಾತ್ರಕ್ಕೆ ಹೆಚ್ಚುವುದಿಲ್ಲ. ಅದೇ ಬಲ ಉದ್ದವಾದ ತೋಳಿನ ತುದಿಯಲ್ಲಿ ದುಡಿಯಬೇಕಾದುದರಿಂದ ನೆಲವನ್ನು ಹಿಂದಕ್ಕೊತ್ತುವ ಶಕ್ತಿ ಶೇಕಡಾ 11ರಷ್ಟು ಕುಗ್ಗುತ್ತದೆ. ಕಾಪುವಿನಿಂದ ಪಡುಬಿದ್ರಿಯವರೆಗಿನ ಸಮತಟ್ಟಾದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಇದು ಅಷ್ಟಾಗಿ ಅರಿವಿಗೆ ಬಾರದು. ಖಾಲಿ ವಾಹನ ಒಂದೇ ವೇಗದಲ್ಲಿ ಸಾಗುವಾಗ ಎಂಜಿನ್ನಿನ ಸುತ್ತು ಕಡಿಮೆಯಾಗಿ ಅದರೊಳಗಿನ ಘರ್ಷಣೆ ಸ್ವಲ್ಪ ತಗ್ಗುವುದೂ ನಿಜ. ದೊಡ್ಡ ಟಯರಿನ ವಕೀಲರು ಹಿಡಿದು ಆಡಿಸುವುದು ಈ ಒಂದು ಎಳೆಯನ್ನೇ. ಆದರೆ ವಾಹನ ಎತ್ತರವಾದಷ್ಟೂ, ಟಯರು ಅಗಲವಾದಷ್ಟೂ ಗಾಳಿಯ ತಡೆ ಹೆಚ್ಚು. ಆಳಗಚ್ಚಿನ ರಬ್ಬರಿನ ತುಂಡುಗಳು ಪ್ರತಿ ಸುತ್ತಿನಲ್ಲಿಯೂ ಬಾಗಿ ನೆಟ್ಟಗಾಗುವಾಗ ಬಿಸಿಯಾಗುತ್ತವೆ; ಆ ಬಿಸಿ ಬರುವುದು ಡೀಸೆಲ್ಲಿನಿಂದ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳಿಗೆ ಸೇರಿದ ಸಾರಿಗೆ ಸಂಶೋಧನಾ ಮಂಡಳಿ 2006ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಕಾರು ಮೊದಲಾದ ವಾಹನಗಳಲ್ಲಿ ಟಯರಿನ ಉರುಳುತಡೆಯನ್ನು ಶೇಕಡಾ 10 ಇಳಿಸಿದರೆ ಇಂಧನದಲ್ಲಿ ಶೇಕಡಾ 1ರಿಂದ 2ರಷ್ಟು ಉಳಿತಾಯವಿದೆ. ತಡೆಯನ್ನು ಏರಿಸಿದವನಿಗೆ ಲೆಕ್ಕ ತಿರುಗುಮುರುಗಾಗುತ್ತದೆ.

ಹೇರು ತುಂಬಿಕೊಂಡು ಹೆಬ್ರಿಯಿಂದ ಆಗುಂಬೆಯತ್ತಲೋ, ಬಜಗೋಳಿಯಿಂದ ಮಾಳದ ಕಡೆಗೋ ತಿರುಗಿದೊಡನೆ ಈ ವಾದ ಕುಸಿಯುತ್ತದೆ. ಮೂರನೆಯ ಗೇರಿನಲ್ಲಿ ಏರುತ್ತಿದ್ದ ವಾಹನ ಎರಡನೆಯದನ್ನು ಬೇಡುತ್ತದೆ. ಎರಡನೆಯದರಲ್ಲಿ ತಿರುವಿನಿಂದ ಹೊರಡಬೇಕಾದಾಗ ಕ್ಲಚ್ಚು ಕರಕಲಾಗುತ್ತದೆ. ಮಣಿಪಾಲದ ಟೈಗರ್ ಸರ್ಕಲ್ಲಿನಂಥ ನಿಲ್ಲು-ಹೊರಡು ಜಾಗಗಳಲ್ಲಿ ಇನ್ನೊಂದು ನಷ್ಟವಿದೆ: ಚಕ್ರದ ಅಂಚಿನಲ್ಲಿ ಸೇರಿದ ತೂಕವನ್ನು ಮುಂದಕ್ಕೆ ಒಯ್ಯುವುದಲ್ಲದೆ ತಿರುಗಿಸಲೂ ಬೇಕಾದುದರಿಂದ, ವೇಗ ಪಡೆಯುವಾಗ ಅಂಚಿನ ಒಂದು ಕಿಲೋ ಹೆಚ್ಚುಕಡಿಮೆ ಎರಡು ಕಿಲೋಗಳ ಹೊರೆಯಾಗುತ್ತದೆ. ಎಳೆಯುವ ಬಲವನ್ನು ಮರಳಿ ಪಡೆಯಲು ಆಕ್ಸಲಿನ ಗೇರುಗಳನ್ನೇ ಬದಲಿಸಬೇಕು. ಆ ಖರ್ಚಿನ ಮಾತನ್ನು ಅಂಗಡಿಯಲ್ಲಿ ಯಾರೂ ಎತ್ತುವುದಿಲ್ಲ.

ಇಳಿಯುವಾಗಿನ ಸಂಗತಿ ಇನ್ನೂ ಗಂಭೀರ. ಬ್ರೇಕು ಹಳೆಯದೇ, ಅದು ಹಿಡಿಯಬೇಕಾದ ಚಕ್ರ ಮಾತ್ರ ದೊಡ್ಡದು. ಅಷ್ಟೇ ಹಿಡಿತಕ್ಕೆ ಪೆಡಲನ್ನು ಶೇಕಡಾ 12ರಷ್ಟು ಹೆಚ್ಚು ಒತ್ತಬೇಕು. ಗೇರಿನಲ್ಲಿಟ್ಟು ಇಳಿಸುವಾಗ ಎಂಜಿನ್ನು ಒಡ್ಡುವ ತಡೆಯೂ ಅದೇ ಪ್ರಮಾಣದಲ್ಲಿ ಕುಗ್ಗಿ, ಆ ಪಾಲಿನ ಬಿಸಿಯೂ ಬ್ರೇಕಿನ ತಲೆಗೇ ಬೀಳುತ್ತದೆ. ಮೇಲಾಗಿ ವಾಹನ ನಾಲ್ಕು ಸೆಂಟಿಮೀಟರ್ ಮೇಲಕ್ಕೆದ್ದಿರುತ್ತದೆ. ವೇಗದ ಮುಳ್ಳು ಸುಳ್ಳು ಹೇಳುತ್ತಿರುತ್ತದೆ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ, ಆಷಾಢದ ಮಳೆಯಲ್ಲಿ, ಹಿಂದೆ ಒಂದು ಟನ್ ಹೇರಿಟ್ಟುಕೊಂಡು ಈ ನಾಲ್ಕು ದೋಷಗಳನ್ನು ಒಟ್ಟಿಗೆ ಇಳಿಸುವವನು ತನ್ನ ಜೀವವನ್ನಷ್ಟೇ ಅಲ್ಲ, ಎದುರಿನ ಬಸ್ಸಿನವರ ಜೀವವನ್ನೂ ಪಣಕ್ಕಿಡುತ್ತಾನೆ.

ರಸ್ತೆಯೇ ಇಲ್ಲದವರ ಪ್ರಶ್ನೆ

ಹಳ್ಳಿಯವರ ಒಂದು ಪ್ರಶ್ನೆಯನ್ನು ಮಾತ್ರ ತಳ್ಳಿಹಾಕಲಾಗದು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸಿನ ಮಳೆ ಸುರಿಯುವ ನಾಡಿನಲ್ಲಿ, ಮೋರಿಯಿಲ್ಲದ ಮಣ್ಣುರಸ್ತೆಯ ಕೊನೆಯಲ್ಲಿ ಮನೆಯಿದ್ದವನು ಏನು ಮಾಡಬೇಕು? ಅವನಿಗೆ ಟಯರಿನ ಗಚ್ಚು ಬೇಕು, ಎತ್ತರ ಬೇಡ. ದೊಡ್ಡ ಟಯರಿನಿಂದ ಆಕ್ಸಲಿನಡಿ ದೊರೆಯುವ ಹೆಚ್ಚಿನ ಜಾಗ ನಾಲ್ಕು ಸೆಂಟಿಮೀಟರ್. ಒಂದೇ ಮಳೆಗಾಲ ಕೊರೆಯುವ ಚರಡು ಅದನ್ನು ನುಂಗಿಬಿಡುತ್ತದೆ. ಯುದ್ಧಕಾಲದ ವಿಲ್ಲಿಸ್ ಜೀಪಿಗೆ ಇದ್ದುದು 6.00-16ರ ಸಪೂರ ಟಯರು. ಅದರ ವಂಶದ ಜೀಪುಗಳು ಮಲೆನಾಡಿನ ಕೆಸರಿನಲ್ಲಿ ದಶಕಗಳ ಕಾಲ ದುಡಿದವು.

ಅಗಲ ಟಯರಿನಲ್ಲಿ ಗಾಳಿ ಇಳಿಸಿದರೆ ಮರಳಿನಲ್ಲಿಯೂ ಕೆಸರಿನಲ್ಲಿಯೂ ಅದು ಹೂಳುವುದು ಕಡಿಮೆ, ಮೇಲ್ಮಣ್ಣನ್ನು ಒತ್ತುವುದೂ ಕಡಿಮೆ ಎಂಬುದು ಮಣ್ಣುವಿಜ್ಞಾನವೂ ಒಪ್ಪುವ ಮಾತು. ಆದರೆ ಹೇರು ಹೊತ್ತ ಪಿಕಪ್ಪಿನಲ್ಲಿ ಗಾಳಿ ಇಳಿಸಿದರೆ ಟಯರು ಕಾದು ಒಡೆಯುತ್ತದೆ. ಕೆಳಪದರದ ಮಣ್ಣು ಬಿಗಿಯಾಗುವುದು ಬಹುಮಟ್ಟಿಗೆ ಆಕ್ಸಲಿನ ಮೇಲಿನ ತೂಕದಿಂದ. ಟಯರಿನ ಅಗಲ ಅದಕ್ಕೆ ಪರಿಹಾರವಲ್ಲ. ಒದ್ದೆ ಗದ್ದೆಗೆ ಯಾವ ಟಯರಿನ ವಾಹನವನ್ನೂ ಇಳಿಸದಿರುವುದೇ ಸರಿ.

ತೊಳೆದುಹೋದ ರಬ್ಬರು

ಕೆಸರಿಗೆಂದು ಮಾಡಿದ ಮೃದು ರಬ್ಬರಿನ ಟಯರು ಟಾರು ರಸ್ತೆಯಲ್ಲಿ ಬೇಗ ಸವೆಯುತ್ತದೆ. ಸವೆದದ್ದು ಮಾಯವಾಗುವುದಿಲ್ಲ, ಮೊದಲ ಮಳೆಗೆ ಚರಂಡಿ ಸೇರಿ, ಚರಂಡಿಯಿಂದ ತೋಡು, ತೋಡಿನಿಂದ ಹೊಳೆ ಸೇರುತ್ತದೆ. ಟಯರು ಬಿರುಕು ಬಿಡದಂತೆ ಬೆರೆಸುವ ರಾಸಾಯನಿಕವೊಂದು ಓಝೋನಿನೊಡನೆ ಸೇರಿ ಹುಟ್ಟುವ ವಸ್ತುವೇ ಅಮೆರಿಕದ ವಾಷಿಂಗ್ಟನ್ ರಾಜ್ಯದ ತೊರೆಗಳಲ್ಲಿ ಕೋಹೊ ಸಾಲ್ಮನ್ ಮೀನುಗಳನ್ನು ಕೊಲ್ಲುತ್ತಿತ್ತೆಂದು 2020ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಎಲ್ಲ ಜಾತಿಯ ಮೀನುಗಳೂ ಅದಕ್ಕೆ ಒಂದೇ ರೀತಿ ಬಲಿಯಾಗುವುದಿಲ್ಲ. ಆದರೆ ಕಾರ್ಕಳದ ಕಡೆಯಿಂದ ಹರಿದು ಬರುವ ಸ್ವರ್ಣೆಯ ನೀರು ಬಜೆ ಅಣೆಕಟ್ಟಿನಿಂದ ಉಡುಪಿ, ಮಣಿಪಾಲಗಳ ನಲ್ಲಿಗಳಿಗೆ ಹೋಗುತ್ತದೆ ಎಂಬುದನ್ನು ಮರೆಯುವಂತಿಲ್ಲ. ಮುಂಗಾರಿನ ಮೊದಲ ನೆರೆಯಲ್ಲಿ ಹತ್ತುಮೀನು ಮೊಟ್ಟೆಯಿಡಲು ಮೇಲೇರುವ ತೋಡುಗಳಲ್ಲೇ ಜೀಪು ಓಡಿಸಿ ಕೆಸರೆಬ್ಬಿಸುವುದನ್ನು ಸಾಹಸವೆಂದು ಕರೆಯುವುದು ಆ ಪದಕ್ಕೆ ಮಾಡುವ ಅವಮಾನ.

ಮಾಡಬೇಕಾದುದು

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಮೋಟಾರು ವಾಹನ ಕಾಯಿದೆಯ 52ನೆಯ ಕಲಮನ್ನು ವಿವರಿಸಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತೀರ್ಪಿತ್ತಿತು. ಆದರೆ ದಂಡದ ಭಯಕ್ಕಿಂತ ತಿಳಿವಳಿಕೆಯ ಬಲ ದೊಡ್ಡದು. ತಯಾರಕರು ಆ ಮಾದರಿಗೆ ಒಪ್ಪಿದ ಅಳತೆಯೊಳಗೆ, ಹೇರಿಗೆ ತಕ್ಕ ಭಾರಸೂಚ್ಯಂಕವಿರುವ ಟಯರನ್ನು ಆರಿಸಬೇಕು. ವಾರಕ್ಕೊಮ್ಮೆ ಟಯರು ತಣ್ಣಗಿರುವಾಗ ಗಾಳಿಯ ಒತ್ತಡ ನೋಡಬೇಕು. ದೊಡ್ಡ ಟಯರಿಗೆ ಸುರಿಯುವ ಹಣದ ಒಂದು ಪಾಲನ್ನೂ ಅದಕ್ಕಿಂತ ಹೆಚ್ಚಾಗಿ ದನಿಯನ್ನೂ ಗ್ರಾಮಸಭೆಯಲ್ಲಿ ಮೋರಿ, ಚರಂಡಿಗಳಿಗಾಗಿ ವಿನಿಯೋಗಿಸಬೇಕು. ಒಂದು ಮೋರಿ ಊರಿನ ಎಲ್ಲ ವಾಹನಗಳನ್ನೂ ದಾಟಿಸುತ್ತದೆ. ಒಂದು ಜೋಡಿ ದೊಡ್ಡ ಟಯರು ಒಬ್ಬನನ್ನು ಮಾತ್ರ.

ಮಣಿಪಾಲ, ನಿಟ್ಟೆಗಳ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಸುಲಭವಾದ, ಉಪಯುಕ್ತವಾದ ಕೆಲಸವೊಂದಿದೆ. ಒಂದೇ ಪಿಕಪ್ಪು, ಒಂದೇ ಚಾಲಕ, ಒಂದೇ ಹೇರು. ಕಾರ್ಕಳದಿಂದ ಮಾಳಕ್ಕೆ ಹೋಗಿಬರುವ ಒಂದೇ ದಾರಿ. ದೂರವನ್ನು ವಾಹನದ ಮೀಟರಿನಿಂದಲ್ಲ, ಉಪಗ್ರಹದ ಜಿಪಿಎಸ್‌ನಿಂದ ಅಳೆದು, ಟ್ಯಾಂಕು ತುಂಬಿಸಿ ಹೊರಟು, ಮರಳಿ ಬಂದು ಮತ್ತೆ ತುಂಬಿಸಿ, ಹೀಗೆ ಎರಡು ಬಗೆಯ ಟಯರುಗಳಲ್ಲಿಯೂ ಹತ್ತು ಹತ್ತು ಸಲ ಓಡಿಸಿ ಲೆಕ್ಕವನ್ನು ಕನ್ನಡದಲ್ಲಿ ಪ್ರಕಟಿಸಲಿ. ಪಂಚಾಯತಿಯ ಸೂಚನಾಫಲಕದಲ್ಲಿ ಆ ಅಂಕಿಗಳು ಕಾಣಿಸಿಕೊಂಡ ದಿನ, ಟಯರಂಗಡಿಯ ಮುಂದೆ ನಿಂತ ಕೃಷಿಕನಿಗೆ ಮಾರುವವನ ಮಾತನ್ನು ನಂಬಬೇಕಾದ ಅಗತ್ಯವೇ ಇರುವುದಿಲ್ಲ.