ನಿರಾಶ್ರಿತ ಮಕ್ಕಳ ಕೈಯಲ್ಲಿ ರಬಾಬ್

ಯುದ್ಧಪೀಡಿತ ನಾಡಿನ ಮಕ್ಕಳಿಗೆ ಮೊದಲು ಬೇಕಾದದ್ದು ಅನ್ನ, ಔಷಧ, ಸೂರು. ಸಂಗೀತವೇನಿದ್ದರೂ ಹೊಟ್ಟೆ ತುಂಬಿದ ಮೇಲಿನ ಮಾತು ಎಂಬ ಅಭಿಪ್ರಾಯ ಬಹುಜನರಲ್ಲಿದೆ. ಮೇಲ್ನೋಟಕ್ಕೆ ಸಮಂಜಸವೆನಿಸುವ ಈ ವಾದವನ್ನು ಅಫಘಾನಿಸ್ತಾನದ ಅನುಭವದ ಬೆಳಕಿನಲ್ಲಿ ಪರಿಶೀಲಿಸಬೇಕು.

1996ರಿಂದ 2001ರವರೆಗಿನ ತಾಲಿಬಾನ್ ಆಳ್ವಿಕೆಯಲ್ಲಿ ಅಲ್ಲಿ ಸಂಗೀತ ನಿಷಿದ್ಧವಾಗಿತ್ತು. ವಾದ್ಯಗಳು ನಾಶವಾದವು, ಕಲಾವಿದರು ದೇಶಾಂತರ ಹೋದರು. ಹೀಗೆ ಕಡಿದುಹೋದ ಪರಂಪರೆಯನ್ನು ಮತ್ತೆ ಕೂಡಿಸಲೆಂದು ಸಂಗೀತ ವಿದ್ವಾಂಸ ಅಹ್ಮದ್ ಸರ್ಮಸ್ತ್ 2010ರಲ್ಲಿ ಕಾಬೂಲಿನಲ್ಲಿ ರಾಷ್ಟ್ರೀಯ ಸಂಗೀತ ಸಂಸ್ಥೆಯನ್ನು ತೆರೆದರು. ಅರ್ಧದಷ್ಟು ಸ್ಥಾನಗಳನ್ನು ಅನಾಥ ಮಕ್ಕಳಿಗೆ, ಬೀದಿಯಲ್ಲಿ ದುಡಿಯುವ ಮಕ್ಕಳಿಗೆ ಮೀಸಲಿಟ್ಟರು. ಹುಡುಗ ಹುಡುಗಿಯರು ಜೊತೆಯಾಗಿ ರಬಾಬ್, ತಬಲಾ, ಪಿಟೀಲು ಕಲಿತರು. ಶಾಲೆಯ ಇತರ ಪಾಠಗಳೂ ಅಲ್ಲಿಯೇ ನಡೆದವು. 2014ರ ಡಿಸೆಂಬರಿನಲ್ಲಿ ವಿದ್ಯಾರ್ಥಿಗಳು ಪಾಲ್ಗೊಂಡಿದ್ದ ಪ್ರದರ್ಶನವೊಂದರಲ್ಲಿ ಆತ್ಮಾಹುತಿ ದಾಳಿ ನಡೆದು ಸರ್ಮಸ್ತ್ ತೀವ್ರವಾಗಿ ಗಾಯಗೊಂಡರು; ಕಿವಿಯೇ ಕೇಳದಂತಾಯಿತು. ಶಸ್ತ್ರಚಿಕಿತ್ಸೆಯ ಬಳಿಕ ಅವರು ಮರಳಿ ಬಂದದ್ದು ಅದೇ ಶಾಲೆಗೆ. ಅಲ್ಲಿನ ಹೆಣ್ಣುಮಕ್ಕಳ ವಾದ್ಯವೃಂದ ‘ಜೊಹ್ರಾ’ 2017ರಲ್ಲಿ ದಾವೋಸ್‌ನಲ್ಲಿ ನುಡಿಸಿತು.

2021ರಲ್ಲಿ ತಾಲಿಬಾನ್ ಮರಳಿತು. ಶಾಲೆ ಮುಚ್ಚಿತು. ವಿದ್ಯಾರ್ಥಿಗಳು, ಶಿಕ್ಷಕರು ಸೇರಿ 273 ಮಂದಿ ಪೋರ್ಚುಗಲ್‌ನಲ್ಲಿ ಆಶ್ರಯ ಪಡೆದರು. ಹಲವು ಮಕ್ಕಳು ಹೆತ್ತವರನ್ನು ಬಿಟ್ಟೇ ಹೊರಟಿದ್ದರು.

ಸಂಗೀತವು ಶಾಂತಿಯನ್ನು ತರುತ್ತದೆ ಎಂಬ ಅಲಂಕಾರದ ಮಾತನ್ನು ಈ ಇತಿಹಾಸ ಸಮರ್ಥಿಸುವುದಿಲ್ಲ. ಅದು 2014ರ ಬಾಂಬನ್ನು ತಡೆಯಲಿಲ್ಲ, 2021ರ ಪತನವನ್ನೂ ತಡೆಯಲಿಲ್ಲ. ಸಂಗೀತಪಾಠ ಕೊಡುವುದು ಬೇರೊಂದನ್ನು. ಗುರು ಇಂದು ಹೇಳಿಕೊಟ್ಟದ್ದನ್ನು ನಾಳೆ ಒಪ್ಪಿಸಬೇಕು. ಅಂದರೆ ನಾಳೆ ಎಂಬುದೊಂದಿದೆ. ಮನೆ, ಬೀದಿ, ಭಾಷೆ ಎಲ್ಲವನ್ನೂ ಕಳೆದುಕೊಂಡ ಮಗುವಿಗೆ ಈ ನಂಬಿಕೆ ಅನ್ನದಷ್ಟೇ ಅಗತ್ಯ. ಪರಿಹಾರ ಸಾಮಗ್ರಿಯನ್ನು ಪಡೆಯುವಾಗ ಮಗು ಕೇವಲ ಸಂತ್ರಸ್ತ. ರಬಾಬ್ ಹಿಡಿದಾಗ ಒಂದು ಪರಂಪರೆಯ ವಾರಸುದಾರ.

ಆ ಪರಂಪರೆ ನಮಗೂ ಪರಕೀಯವಲ್ಲ. ಸರೋದ್ ರೂಪುಗೊಂಡದ್ದು ಅಫಘಾನ್ ರಬಾಬಿನಿಂದ ಎಂಬುದು ವಿದ್ವಾಂಸರು ಬಹುಮಟ್ಟಿಗೆ ಒಪ್ಪಿರುವ ಮಾತು. ಕನ್ನಡದ ವಿಮರ್ಶಕ ರಾಜೀವ ತಾರಾನಾಥರ ಸರೋದನ್ನು ಕೇಳಿದವರು, ತಿಳಿದೋ ತಿಳಿಯದೆಯೋ, ಆ ನಾಡಿಗೆ ಋಣಿಗಳಾಗಿದ್ದಾರೆ.

ಆದುದರಿಂದ ಇಂತಹ ಶಾಲೆಗಳನ್ನು ದೊಡ್ಡ ವೇದಿಕೆಯ ಚಪ್ಪಾಳೆಯಿಂದ ಅಳೆಯುವುದು ಸಲ್ಲದು. ಒಂದು ಸಂಜೆಯ ಕಛೇರಿಗೆ ನೆರವು ನೀಡುವವರು ಅನೇಕರು; ಹತ್ತು ವರ್ಷ ಗುರುವಿಗೆ ವೇತನ ಕೊಡುವವರು ವಿರಳ. ಪರದೇಶದಲ್ಲಿ ಮಕ್ಕಳು ಪಿಟೀಲು, ಪಿಯಾನೊಗಳನ್ನು ಕಲಿಯಲಿ. ರಬಾಬ್ ಕಲಿಸುವ ಗುರುವೂ ಅವರೊಡನಿರಲಿ. 2023ರಲ್ಲಿ ಹೆರಾತ್‌ನಲ್ಲಿ ವಾದ್ಯಗಳನ್ನು ರಾಶಿ ಹಾಕಿ ಸುಡಲಾಯಿತು. ಸುಟ್ಟ ವಾದ್ಯವನ್ನು ಮತ್ತೆ ಮಾಡಬಹುದು. ನುಡಿಸಬಲ್ಲ ಕೈಗಳೇ ಇಲ್ಲವಾದರೆ ಮಾಡಿ ಫಲವೇನು?